ಗೂಡು ಮುಚ್ಚಿದವರು ಯಾರು? ಕಾಡಿನ ಪ್ರೇಮಕಾದಂಬರಿಯೊಂದಕ್ಕೆ ಬಂದ ಓದುಗರ ಮಾತು

ಓದುಗರು ದೂರಿದ್ದು ಕಾದಂಬರಿಯ ಕೊನೆಯನ್ನು. ತಪ್ಪು ಕೂತಿದ್ದು ಅದಕ್ಕಿಂತ ನೂರಕ್ಕೂ ಹೆಚ್ಚು ಪುಟ ಹಿಂದೆ. ಇದು ಗೊತ್ತಾಗುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು, ಲೇಖಕಿ ಹೊಸದೊಂದು ಅಂತ್ಯವನ್ನೇ ಬರೆದು ಮುಗಿಸಿದ್ದರು. ಕಾಡನ್ನು ನೆಲೆಯಾಗಿಟ್ಟುಕೊಂಡು ಪ್ರೇಮಕಥೆ ಬರೆಯುವವರಿಗೂ ಅಂಥ ಹಸ್ತಪ್ರತಿಗಳನ್ನು ತಿದ್ದುವವರಿಗೂ ಉಪಯೋಗವಾಗಲೆಂದು ಈ ಪ್ರಕರಣವನ್ನು ಇಲ್ಲಿ ದಾಖಲಿಸಿದೆ. ಲೇಖಕಿ, ಸಂಪಾದಕರು, ಓದುಗರು ಯಾರ ಹೆಸರೂ ಇಲ್ಲ. ಗುರುತು ಹತ್ತಬಹುದಾದ ಹಳ್ಳಿ, ಪುಟಸಂಖ್ಯೆ, ಪಾತ್ರಗಳ ವಿವರವನ್ನು ಬದಲಿಸಿದೆ. ಬದಲಿಸದೆ ಉಳಿಸಿರುವುದು ಕಾಡನ್ನು: ಉತ್ತರ ಕನ್ನಡದ ಜೋಯಿಡಾ ಸೀಮೆ, ಕಾಳಿ ನದಿಯ ಕೊಳ್ಳ.

ಪುಸ್ತಕ ಮತ್ತು ಅದರ ಕಾಡು

ಲೇಖಕಿಗೆ ಅದು ಮೊದಲ ಕಾದಂಬರಿ. 216 ಪುಟ, ಮೊದಲ ಮುದ್ರಣ 500 ಪ್ರತಿ. ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ಅಧ್ಯಯನಕ್ಕೆಂದು ಪಟ್ಟಣದಿಂದ ಬರುವ ಸಂಶೋಧನಾ ವಿದ್ಯಾರ್ಥಿನಿ ನಾಯಕಿ. ಕಳ್ಳಬೇಟೆ ತಡೆ ಶಿಬಿರದಲ್ಲಿ ದಿನಗೂಲಿ ವಾಚರ್ ಆಗಿರುವ ಯುವಕ ನಾಯಕ. ಆಷಾಢದ ಮಳೆಯಲ್ಲಿ ಮೂರು ವಾರ ಅವಳು ಕಾಡಿನಲ್ಲಿರುತ್ತಾಳೆ, ಇಬ್ಬರಿಗೂ ಪ್ರೀತಿಯಾಗುತ್ತದೆ. ಕೊನೆಯಲ್ಲಿ ಅವಳು ಬಸ್ಸು ಹತ್ತುತ್ತಾಳೆ, ಅವನು ಶಿಬಿರಕ್ಕೆ ಮರಳುತ್ತಾನೆ. ಮದುವೆ ಇಲ್ಲ, ಜಗಳವೂ ಇಲ್ಲ.

ಈ ಭಾಗದ ಕಾಡಿನ ಬಗ್ಗೆ ಸ್ವಲ್ಪ ಹೇಳದೆ ಮುಂದಿನದು ತಿಳಿಯದು. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಿಂದ ಅದಕ್ಕೆ ಕಾಳಿಯ ಹೆಸರು. ದಾಂಡೇಲಿ ಸುತ್ತ ನಾಲ್ಕು ಬಗೆಯ ಮಂಗಟ್ಟೆಗಳಿವೆ. ಅವುಗಳಲ್ಲಿ ದೊಡ್ಡ ಮಂಗಟ್ಟೆಯ ಗೂಡು ಕಾದಂಬರಿಯ ನಡುಗಂಬ. ಗಂಡು ಹಕ್ಕಿ ಹೆಣ್ಣನ್ನು ಮರದ ಪೊಟರೆಯೊಳಗೆ ಕೂರಿಸಿ ಪೊಟರೆಯ ಬಾಯಿಗೆ ಮಣ್ಣು ಮೆತ್ತುತ್ತದೆ, ಸಣ್ಣ ಸೀಳಿನಿಂದ ಹಣ್ಣು ಉಣಿಸುತ್ತದೆ ಎಂದು ಅಲ್ಲಿ ಬರೆದಿತ್ತು. ನಾಯಕ ಮರ ಹತ್ತಿ ಆ ಗೂಡನ್ನು ತೋರಿಸಿ, ನಿನ್ನನ್ನೂ ಹೀಗೇ ಜೋಪಾನ ಮಾಡುತ್ತೇನೆ ಎನ್ನುತ್ತಾನೆ. ಲೇಖಕಿ ಎಲ್ಲಕ್ಕಿಂತ ಹೆಚ್ಚು ಪ್ರೀತಿಯಿಂದ ಬರೆದ ಪುಟ ಅದು. ಪುಸ್ತಕದ ಬೆನ್ನುಪುಟದಲ್ಲೂ ಅದೇ ಸಾಲನ್ನು ಅಚ್ಚು ಹಾಕಿದ್ದರು.

ಬಂದ ಮಾತುಗಳು, ಕೊಟ್ಟ ತಪ್ಪು ಮದ್ದು

ಒಂಬತ್ತು ತಿಂಗಳಲ್ಲಿ ಅರವತ್ತರ ಆಸುಪಾಸು ಪ್ರತಿಕ್ರಿಯೆ ಬಂದವು. ಹೆಚ್ಚಿನವು ವಾಟ್ಸ್‌ಆ್ಯಪ್ ಸಂದೇಶ, ಕೆಲವು ಫೋನ್ ಕರೆ, ಹತ್ತಾರು ಕೈಬರಹದ ಪತ್ರ, ಜೊತೆಗೆ ಎರಡು ಓದುಬಳಗಗಳ ಚರ್ಚೆಯ ಟಿಪ್ಪಣಿ. ಮೆಚ್ಚುಗೆಯೇ ಜಾಸ್ತಿ. ದೂರುಗಳ ನಡುವೆ ಒಂದು ಮಾತ್ರ ಮತ್ತೆ ಮತ್ತೆ ಕೇಳಿಸುತ್ತಿತ್ತು: ಕೊನೆ ಮನಸ್ಸಿಗೆ ಒಗ್ಗಲಿಲ್ಲ, ಅಷ್ಟು ಹಚ್ಚಿಕೊಂಡವಳು ಹಾಗೆ ಬಸ್ಸು ಹತ್ತಿದ್ದನ್ನು ನಂಬಲಾಗಲಿಲ್ಲ.

ಮೊದಲು ಲೇಖಕಿ ಪ್ರತಿಯೊಬ್ಬರಿಗೂ ಉತ್ತರ ಬರೆದರು. ಅವಳು ಹೋದದ್ದು ಏಕೆ, ಅದರ ಸುಳಿವು ಯಾವ ಅಧ್ಯಾಯದಲ್ಲಿದೆ ಎಂದು ವಿವರಿಸಿದರು. ಇದರಿಂದ ಆದ ನಷ್ಟ ದೊಡ್ಡದು. ವಿವರಣೆ ಸಿಕ್ಕ ಓದುಗರು ಎರಡನೇ ಮಾತು ಆಡುವುದಿಲ್ಲ, ತಮಗೇ ಅರ್ಥವಾಗಲಿಲ್ಲವೇನೋ ಎಂದು ಸುಮ್ಮನಾಗುತ್ತಾರೆ. ಆ ಎರಡನೇ ಮಾತಿನಲ್ಲೇ ನಿಜವಾದ ಸುಳಿವು ಇರುತ್ತದೆ. ಹಾಗೆ ಬಾಯಿ ಮುಚ್ಚಿಕೊಂಡವರಲ್ಲಿ ಕೆಲವರನ್ನು ಆಮೇಲೆ ಎಷ್ಟು ಕೇಳಿದರೂ ಮಾತಿಗೆಳೆಯಲು ಆಗಲಿಲ್ಲ.

ಎರಡನೆಯ ಯತ್ನ ಅಂತ್ಯವನ್ನೇ ಬದಲಿಸುವುದು. 14 ಪುಟದ ಹೊಸ ಅಧ್ಯಾಯ ಸಿದ್ಧವಾಯಿತು. ನಾಯಕಿ ಬಸ್ಸಿನಿಂದ ಇಳಿದು ಮರಳಿ ಬರುತ್ತಾಳೆ. ಇದನ್ನು ಎಂಟು ಮಂದಿಗೆ ಓದಲು ಕೊಟ್ಟರು, ಅವರಲ್ಲಿ ಮೂವರು ಪುಸ್ತಕವನ್ನು ಹಿಂದೆ ಓದಿರದವರು. ಹಳೆಯ ಅಂತ್ಯ ಓದಿದ್ದ ಐವರೂ ಅದೇ ವಾಸಿ ಎಂದರು. ಹೊಸ ಓದುಗರು ಮೂವರಿಗೂ ಮರಳಿ ಬಂದದ್ದೂ ನಂಬಿಕೆಯಾಗಲಿಲ್ಲ. ಹೋದರೂ ನಂಬುವುದಿಲ್ಲ, ಬಂದರೂ ನಂಬುವುದಿಲ್ಲ ಎಂದ ಮೇಲೆ ತೊಡಕು ಹೋಗುವುದರಲ್ಲೂ ಬರುವುದರಲ್ಲೂ ಇರಲಾರದು. ಪ್ರಕರಣ ತಿರುವು ತೆಗೆದುಕೊಂಡದ್ದು ಇಲ್ಲಿ. ಸಂಪಾದಕರು ಹೊಸ ಅಂತ್ಯವನ್ನು ಬದಿಗಿಟ್ಟು, ದೂರಿದವರನ್ನೂ ಮೆಚ್ಚಿದವರನ್ನೂ ಮತ್ತೆ ಸಂಪರ್ಕಿಸಿದರು.

ಮೂರು ಪ್ರಶ್ನೆ, ಒಂದು ಉದ್ದನೆಯ ಕಾಗದ

ಏಕೆ ಇಷ್ಟವಾಗಲಿಲ್ಲ ಎಂದು ಈ ಸಲ ಯಾರನ್ನೂ ಕೇಳಲಿಲ್ಲ. ಹಾಗೆ ಕೇಳಿದರೆ ಜನ ಕಾರಣ ಹುಡುಕಲು ಕೂರುತ್ತಾರೆ, ಕೈಗೆ ಸಿಕ್ಕ ಹತ್ತಿರದ ಕಾರಣವನ್ನು ಕೊಡುತ್ತಾರೆ. ಕೇಳಿದ್ದು ಮೂರೇ. ಪುಸ್ತಕವನ್ನು ಮೊದಲ ಸಲ ಕೆಳಗಿಟ್ಟದ್ದು ಎಲ್ಲಿ? ಯಾವ ಪುಟಗಳನ್ನು ಬೇಗ ಬೇಗ ಮಗುಚಿದಿರಿ? ಬೇರೆಯವರಿಗೆ ಈ ಕಥೆ ಹೇಳಿದ್ದರೆ ಏನೆಂದು ಹೇಳಿದಿರಿ?

ಮೂವತ್ತು ಮಂದಿಯಷ್ಟು ಉತ್ತರಿಸಿದರು. ಉದ್ದನೆಯ ಕಾಗದದ ಮೇಲೆ ಪುಟಸಂಖ್ಯೆಗಳ ಗೆರೆ ಎಳೆದು, ಕೆಳಗಿಟ್ಟ ಜಾಗಕ್ಕೆ ಕೆಂಪು ಚುಕ್ಕೆ, ಮಗುಚಿದ ಜಾಗಕ್ಕೆ ನೀಲಿ ಚುಕ್ಕೆ ಹಾಕಿದರು. ಪ್ರತಿ ಚುಕ್ಕೆಯ ಪಕ್ಕ ಓದುಗರ ಹಿನ್ನೆಲೆಯನ್ನು ಒಂದೇ ಪದದಲ್ಲಿ ಬರೆದರು: ಸ್ಥಳೀಯ, ಪಟ್ಟಣ, ಹಕ್ಕಿ ನೋಡುವವರು, ಇಲಾಖೆ. ಕೊನೆಯ ಅಧ್ಯಾಯದ ಮೇಲೆ ಕೆಂಪು ಚುಕ್ಕೆ ಎರಡೋ ಮೂರೋ. 84ರಿಂದ 97ನೇ ಪುಟದವರೆಗೆ ಮಾತ್ರ ಚುಕ್ಕೆಗಳು ಒಂದರ ಮೇಲೊಂದು ಬಿದ್ದಿದ್ದವು. ಅದು ಮಂಗಟ್ಟೆಯ ಅಧ್ಯಾಯ, ಲೇಖಕಿಗೆ ಎಲ್ಲಕ್ಕಿಂತ ಪ್ರಿಯವಾದದ್ದು.

ಕೊನೆಯನ್ನು ದೂರಿದವರಲ್ಲಿ ಹೆಚ್ಚಿನವರ ಕೆಂಪು ಚುಕ್ಕೆಯೂ ಇಲ್ಲೇ ಇತ್ತು. ಓದುಗರ ನಂಬಿಕೆ ಒಂದು ಕಡೆ ಸಡಿಲವಾದರೂ ಓದು ನಿಲ್ಲುವುದಿಲ್ಲ. ಪುಸ್ತಕ ಮುಚ್ಚಿದಾಗ ಮನಸ್ಸಿನಲ್ಲಿ ಒಂದು ಅತೃಪ್ತಿ ಉಳಿದಿರುತ್ತದೆ, ಅದು ಹುಟ್ಟಿದ ಜಾಗ ನೆನಪಿರುವುದಿಲ್ಲ, ಕಣ್ಣೆದುರು ಕೊನೆಯ ಪುಟ ಇರುತ್ತದೆ. ಬೆನ್ನು ಉಳುಕಿದವರು ಕಾಲು ನೋವೆಂದು ಬಂದಂತೆ ಇದು. ಓದುಗರು ನೋವಿದೆ ಎಂದಾಗ ಪೂರ್ತಿ ನಂಬಬೇಕು, ಎಲ್ಲಿ ಎಂದು ತೋರಿಸಿದಾಗ ಪರೀಕ್ಷಿಸಿ ನೋಡಬೇಕು.

ಬಂದ ಮಾತುಗಳನ್ನು ತೂಗುವುದಕ್ಕೂ ಸಂಪಾದಕರು ಒಂದು ಕ್ರಮ ಮಾಡಿಕೊಂಡರು. ಕಾಡಿನ ಸಂಗತಿಯ ತಪ್ಪಾದರೆ ಒಬ್ಬರು ಹೇಳಿದರೂ ಸಾಕು, ಪರಿಶೀಲಿಸಿ ತಿದ್ದುವುದು. ಪಾತ್ರದ ನಡತೆಯ ಬಗ್ಗೆ ಇರುಸುಮುರುಸಾದರೆ, ಒಬ್ಬರಿಗೊಬ್ಬರು ಪರಿಚಯವಿಲ್ಲದ ಮೂವರಾದರೂ ಹೇಳಿದಾಗ ಕೈಗೆತ್ತಿಕೊಳ್ಳುವುದು. ಇನ್ನಷ್ಟು ಮಾತುಕತೆ ಬೇಕಿತ್ತು, ಮಳೆ ಕಡಿಮೆ ಇರಬೇಕಿತ್ತು ಎಂಬಂಥ ರುಚಿಯ ಮಾತನ್ನು ಬರೆದಿಟ್ಟು ಅಲ್ಲಿಗೇ ಬಿಡುವುದು. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಎಣಿಸಿದ್ದರೆ ರುಚಿಯ ಮಾತುಗಳೇ ಗೆಲ್ಲುತ್ತಿದ್ದವು, ಏಕೆಂದರೆ ಅವುಗಳ ಸಂಖ್ಯೆ ಯಾವಾಗಲೂ ದೊಡ್ಡದು.

ಮಂಗಟ್ಟೆಯ ಆ ಹದಿನಾಲ್ಕು ಪುಟಗಳಲ್ಲಿ ಏನಿತ್ತು

ಹಕ್ಕಿ ಬಲ್ಲ ಇಬ್ಬರು ಓದುಗರು ಬರೆದ ಪತ್ರಗಳು ಮೊದಲಿನಿಂದಲೂ ಕಡತದಲ್ಲಿದ್ದವು. ಪ್ರೇಮಕಥೆಗೆ ಇದೆಲ್ಲ ಏತಕ್ಕೆಂದು ಅವನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಈಗ ಅವನ್ನು ಬಿಚ್ಚಿ ಸಾಲು ಸಾಲಾಗಿ ಓದಿದರು.

ಋತುವೇ ತಪ್ಪಾಗಿತ್ತು. ಪಶ್ಚಿಮ ಘಟ್ಟದಲ್ಲಿ ದೊಡ್ಡ ಮಂಗಟ್ಟೆ ಗೂಡು ಕಟ್ಟುವುದು ಚಳಿಗಾಲದ ಕೊನೆಯಿಂದ ಬೇಸಿಗೆಗೆ, ಅತ್ತಿ, ಬಸರಿ, ಗೋಳಿ, ರಾಮಪತ್ರೆಯಂಥ ಹಣ್ಣುಗಳು ಸಿಗುವ ಕಾಲಕ್ಕೆ ಹೊಂದಿಕೊಂಡು. ಮಳೆ ಹಿಡಿಯುವ ಹೊತ್ತಿಗೆ ಮರಿ ಹಾರಿರುತ್ತದೆ. ಆಷಾಢದಲ್ಲಿ ಮುಚ್ಚಿದ ಗೂಡು ತೋರಿಸಿದರೆ ಆ ಕಾಡು ಬಲ್ಲವರಿಗೆ ಪುಸ್ತಕದ ಮೇಲಿನ ವಿಶ್ವಾಸವೇ ಹೋಗುತ್ತದೆ. ನಾಯಕಿ ಹೆಣ್ಣು ಹಕ್ಕಿಯ ಕೆಂಪು ಕಣ್ಣನ್ನು ಕಂಡು ಬೆರಗಾಗುತ್ತಾಳೆ. ಕೆಂಪು ಕಣ್ಣು ಗಂಡಿನದು, ಹೆಣ್ಣಿನದು ಬಿಳಿ. ಇಬ್ಬರೂ ಮರ ಹತ್ತಿ ಸೀಳಿನೊಳಗೆ ಇಣುಕುತ್ತಾರೆ. ಗೂಡಿನ ಹತ್ತಿರ ಮನುಷ್ಯರ ಸುಳಿವು ಕಂಡರೆ ಗಂಡು ಉಣಿಸಲು ಬರಲು ಹಿಂಜರಿಯುತ್ತದೆ, ಒಳಗಿರುವುದಕ್ಕೆ ಉಪವಾಸ. ಹಕ್ಕಿಯ ಅಧ್ಯಯನಕ್ಕೆ ಬಂದವಳು ಹೀಗೆ ಮಾಡಲಾರಳು. ಇನ್ನು ಬರಿಗಾಲಿನ ನಡಿಗೆ: ಜುಲೈ ತಿಂಗಳ ಜೋಯಿಡಾ ಕಾಡಿನಲ್ಲಿ ಮೂರು ಮೈಲಿ ಕೈ ಹಿಡಿದು ನಡೆದರೂ ಒಂದೇ ಒಂದು ಉಂಬಳ (ಜಿಗಣೆ) ಕಾಲಿಗೆ ಹತ್ತುವುದಿಲ್ಲ. ಮಲೆನಾಡಿನ ಓದುಗರಲ್ಲಿ ಹೆಚ್ಚಿನವರು ಪುಸ್ತಕ ಕೆಳಗಿಟ್ಟು ನಕ್ಕದ್ದು ಇಲ್ಲೇ.

ಇವೆಲ್ಲ ಸಣ್ಣ ತಪ್ಪುಗಳು, ತಿದ್ದಿದರೆ ಆಯಿತು. ನಡುಗಂಬದ ತಪ್ಪು ಬೇರೆ ಜಾತಿಯದು. ಗೂಡಿನ ಬಾಯಿ ಮುಚ್ಚುವುದು ಮುಖ್ಯವಾಗಿ ಹೆಣ್ಣು ಹಕ್ಕಿಯೇ. ತಾನೇ ಒಳಹೊಕ್ಕು, ತನ್ನ ಹಿಕ್ಕೆ, ಹಣ್ಣಿನ ತಿರುಳು ಇತ್ಯಾದಿಗಳನ್ನು ಕೊಕ್ಕಿನ ಪಕ್ಕದಿಂದ ಒಳಗಿನಿಂದಲೇ ಮೆತ್ತಿ, ಕೊಕ್ಕು ತೂರುವಷ್ಟು ಸೀಳು ಉಳಿಸಿಕೊಳ್ಳುತ್ತದೆ. ಮೊಟ್ಟೆಗೆ ಸುಮಾರು 38ರಿಂದ 40 ದಿನ ಕಾವು. ಮರಿ ಒಂದಷ್ಟು ಬೆಳೆದ ಮೇಲೆ ಆ ಗೋಡೆಯನ್ನು ಒಡೆದು ಹೊರಬರುವುದೂ ಅದೇ. ಆಮೇಲೆ ಮರಿ ಒಳಗಿನಿಂದ ಬಾಯಿಯನ್ನು ಮತ್ತೆ ಮುಚ್ಚಿಕೊಳ್ಳುತ್ತದೆ, ಗಂಡು ಹೆಣ್ಣು ಎರಡೂ ಉಣಿಸುತ್ತವೆ. ಬೀಗ ಹಾಕುವ ಗಂಡು ಈ ಕಥೆಯಲ್ಲಿ ಇಲ್ಲವೇ ಇಲ್ಲ.

ಈ ಸಂಗತಿಯನ್ನು ಕಾಗದದ ಮೇಲೆ ಬರೆದಾಗ, ಕಡತದ ಇನ್ನೊಂದು ಮೂಲೆಯಲ್ಲಿದ್ದ ಪತ್ರಗಳಿಗೆ ಅರ್ಥ ಬಂತು. ಹಕ್ಕಿಯ ಬಗ್ಗೆ ಏನೂ ತಿಳಿಯದ, ಪಟ್ಟಣದಲ್ಲಿರುವ ನಾಲ್ವರು ಹೆಣ್ಣುಮಕ್ಕಳು ಬೇರೆ ಬೇರೆಯಾಗಿ ಒಂದೇ ಮಾತು ಬರೆದಿದ್ದರು: ಗೂಡಿನ ಪುಟ ಓದುವಾಗ ಉಸಿರು ಕಟ್ಟಿದಂತಾಯಿತು, ಆಮೇಲೆ ಅವನನ್ನು ಇಷ್ಟಪಡಲು ಆಗಲಿಲ್ಲ. ಹಕ್ಕಿ ಬಲ್ಲವರು ಸಂಗತಿ ಸುಳ್ಳು ಎಂದದ್ದನ್ನೇ ಇವರು ಪ್ರೀತಿ ಸುಳ್ಳು ಎಂದು ಹೇಳಿದ್ದರು. ಎರಡು ಕಡೆಯ ಬೆರಳೂ ಒಂದೇ ಸಾಲಿನ ಮೇಲಿತ್ತು. ಕಾಡಿನ ಪ್ರೇಮಕಥೆಗಳಲ್ಲಿ ಇದು ಪದೇ ಪದೇ ಆಗುವಂಥದ್ದು. ಪ್ರೇಮಿಗಳ ಬಗ್ಗೆ ಹೇಳಬೇಕಾದ್ದನ್ನು ನಾವು ಹಕ್ಕಿ ಹೂವುಗಳ ಬಾಯಿಂದ ಹೇಳಿಸುತ್ತೇವೆ, ಹಕ್ಕಿಯ ಬದುಕನ್ನು ಸರಿಯಾಗಿ ನೋಡದಿದ್ದಾಗ ನಮ್ಮ ಹಳೆಯ ಅಭ್ಯಾಸಗಳೇ ಅದರ ಕೊಕ್ಕಿನಿಂದ ಹೊರಬರುತ್ತವೆ.

ತಿದ್ದಿದ್ದು ಹೇಗೆ

ಮೊದಲ ಕೆಲಸ ಒಂದು ಋತುಪಟ್ಟಿ. ಹನ್ನೆರಡು ತಿಂಗಳಿಗೆ ಹನ್ನೆರಡು ಕಂಬ, ಮೇಲೆ ಇಂಗ್ಲಿಷ್ ತಿಂಗಳು, ಅದರ ಕೆಳಗೆ ಚಾಂದ್ರಮಾಸ, ಮಳೆಗಾಲದ ಕಂಬಗಳಲ್ಲಿ ಮಳೆನಕ್ಷತ್ರ. ಜೂನ್ 7-8ರ ಸುಮಾರಿಗೆ ಮೃಗಶಿರಾ, 21-22ಕ್ಕೆ ಆರಿದ್ರಾ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷಾ. ಅಡ್ಡಸಾಲುಗಳಲ್ಲಿ ಕಾದಂಬರಿಯಲ್ಲಿ ಬರುವ ಪ್ರತಿ ಹೂವು, ಹಣ್ಣು, ಹಕ್ಕಿ, ಹುಳು, ಜನರ ಕೆಲಸ. ಮಿಂಚುಹುಳ ಮುಂಗಾರಿನ ಮುನ್ನ. ಮರದ ಮೇಲೆ ಅರಳುವ ಸೀತಾಳೆ ದಂಡೆ ಎಂಬ ಆರ್ಕಿಡ್ ಬೇಸಿಗೆಯ ಕೊನೆಗೆ, ಮಳೆ ಹಿಡಿಯುವ ಹೊತ್ತಿಗೆ. ಉಂಬಳ ಮಳೆ ಬಿದ್ದ ಮೇಲೆ. ಹೀಗೆ ತುಂಬಿಸಿದಾಗ ಹಳೆಯ ಕಾದಂಬರಿಯ ಮೂರು ವಾರಗಳಲ್ಲಿ ಮೂರು ಬೇರೆ ಬೇರೆ ಋತುಗಳು ಕಲಸಿಕೊಂಡದ್ದು ಕಣ್ಣಿಗೆ ಕಂಡಿತು. ಇಂಥ ಪಟ್ಟಿಗೆ ಎರಡು ದಿನ ಸಾಕು. ಬರೆಯುವ ಮೊದಲೇ ಮಾಡಿಕೊಂಡರೆ ಒಂದು ವರ್ಷ ಉಳಿಯುತ್ತದೆ.

ಮೂರು ವಾರದ ಕಥೆ ಜನವರಿಯ ಕೊನೆಯಿಂದ ಮೃಗಶಿರಾ ಮಳೆಯವರೆಗೆ ಚಾಚಿತು. ಇದರಿಂದ ಒಂದು ಲಾಭವಾಯಿತು, ಅದನ್ನು ಯಾರೂ ಊಹಿಸಿರಲಿಲ್ಲ. ಪ್ರೀತಿಗೆ ಹೊತ್ತು ಸಿಕ್ಕಿತು. ಮೂರು ವಾರದಲ್ಲಿ ಹಚ್ಚಿಕೊಂಡು ಬಿಟ್ಟುಹೋಗುವುದು ಬೇರೆ, ನಾಲ್ಕು ತಿಂಗಳು ಒಂದೇ ಗೂಡನ್ನು ಕಾದು ಮರಿ ಹಾರಿದ ಮೇಲೆ ಹೊರಡುವುದು ಬೇರೆ. ಹಳೆಯ ತಮಿಳು ಸಂಗಂ ಕಾವ್ಯದ ಕಟ್ಟಳೆಯಲ್ಲಿ ಬೆಟ್ಟದ ನೆಲವಾದ ಕುರಿಂಜಿಗೆ ಕೂಡುವಿಕೆಯನ್ನೂ ಕಾಡಿನ ನೆಲವಾದ ಮುಲ್ಲೈಗೆ ಕಾಯುವಿಕೆಯನ್ನೂ ಹಂಚಿಕೊಟ್ಟಿದ್ದಾರೆ. ಈ ಕಥೆಯೂ ತನಗೆ ತಕ್ಕ ನೆಲಕ್ಕೆ ಬಂದು ನಿಂತಿತು.

ಮರ ಹತ್ತುವ ದೃಶ್ಯ ಹೋಯಿತು. ಅದರ ಜಾಗದಲ್ಲಿ ಇಬ್ಬರೂ ನಸುಕಿನಲ್ಲೇ ಬಂದು, ಗೂಡಿನಿಂದ ದೂರದಲ್ಲಿ ಎಲೆಯ ಮರೆ ಕಟ್ಟಿಕೊಂಡು ಕೂರುತ್ತಾರೆ. ಮಾತಾಡುವಂತಿಲ್ಲ. ಗಂಡು ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ, ಹಳೆಯ ರೈಲಿನ ಎಂಜಿನ್ ಉಸಿರುಬಿಟ್ಟಂತೆ ರೆಕ್ಕೆಯ ಸದ್ದು. ಅದು ಗಂಟಲಲ್ಲಿ ತುಂಬಿಕೊಂಡು ತಂದ ಹಣ್ಣುಗಳನ್ನು ಒಂದೊಂದಾಗಿ ಕೊಕ್ಕಿನ ತುದಿಗೆ ತಂದು ಸೀಳಿನೊಳಗೆ ಕೊಡುತ್ತದೆ. ಅವಳು ಬೈನಾಕ್ಯುಲರ್‌ನಲ್ಲಿ ನೋಡುತ್ತ ಬೆರಳು ಮಡಚುತ್ತಾಳೆ, ಅವನು ಆ ಬೆರಳನ್ನು ನೋಡಿ ಹಾಳೆಯಲ್ಲಿ ಬರೆದುಕೊಳ್ಳುತ್ತಾನೆ: ಬಂದ ಹೊತ್ತು, ಹಣ್ಣಿನ ಜಾತಿ, ಎಷ್ಟು ಹಣ್ಣು. ವಾರ ಕಳೆದಂತೆ ಆ ಹಾಳೆಯಲ್ಲಿ ಎರಡು ಕೈಬರಹ. ಎರಡನೇ ಮುದ್ರಣ ಓದಿದವರು ಬೇರೆಯವರಿಗೆ ಕಥೆ ಹೇಳುವಾಗ ತಪ್ಪದೆ ಹೇಳಿದ ದೃಶ್ಯ ಇದು. ನಿನ್ನನ್ನು ಜೋಪಾನ ಮಾಡುತ್ತೇನೆ ಎಂಬ ಸಾಲು ಪುಸ್ತಕದಿಂದಲೂ ಬೆನ್ನುಪುಟದಿಂದಲೂ ಹೋಯಿತು. ಹೆಣ್ಣು ಹಕ್ಕಿ ಗೋಡೆ ಒಡೆದು ಹೊರಬರುವ ಬೆಳಿಗ್ಗೆ ಇಬ್ಬರೂ ಏನೂ ಆಡುವುದಿಲ್ಲ.

ಹಿಂಬಾಲಿಸುವ ದೃಶ್ಯದ ಮೇಲೆ ಮಾತ್ರ ಜಗ್ಗಾಟ ಬಹಳ ನಡೆಯಿತು. ಮೊದಲ ಮುದ್ರಣದಲ್ಲಿ ನಾಯಕಿ ಒಬ್ಬಳೇ ಕಾಡಿಗೆ ಹೋದಾಗ ಅವನು ಅವಳಿಗೆ ತಿಳಿಯದಂತೆ ಹಿಂದೆ ಹೋಗುತ್ತಾನೆ, ಕಾವಲಿಗೆಂದು. ಗಂಡಸರಲ್ಲಿ ಹಲವರು ಇದನ್ನು ಮೆಚ್ಚಿ ಬರೆದಿದ್ದರು. ಹೆಂಗಸರಲ್ಲಿ ಹಲವರಿಗೆ ಇರುಸುಮುರುಸಾಗಿತ್ತು. ಎಣಿಸಿದರೆ ಮೆಚ್ಚಿದವರೇ ಹೆಚ್ಚು, ಲೇಖಕಿ ದೃಶ್ಯವನ್ನು ಉಳಿಸಿಕೊಳ್ಳಲು ಬಯಸಿದ್ದೂ ಅದಕ್ಕೇ. ತೀರ್ಮಾನ ಬಂದದ್ದು ಹಿಂದೆ ವಾಚರ್ ಆಗಿದ್ದ ಓದುಗರೊಬ್ಬರಿಂದ. ಕಾಡಿನಲ್ಲಿ ಸದ್ದಿಲ್ಲದೆ ಯಾರ ಹಿಂದೆಯೂ ಹೋಗಬಾರದು, ಮುಂದಿನವರು ಬೆಚ್ಚಿ ಓಡಿದರೆ ಕಾಡುಕೋಣದ ಎದುರಿಗೇ ಹೋಗಿ ಬೀಳಬಹುದು ಎಂದು ಅವರು ತಿಳಿಸಿದರು. ದೂರದಲ್ಲಿರುವವರಿಗೆ 'ಕೂ' ಹಾಕುವುದು ರೂಢಿ. ಅತ್ತಲಿಂದ ಮರು 'ಕೂ' ಬಂದರೆ ಮುಂದೆ ಹೋಗುವುದು, ಬರದಿದ್ದರೆ ನಿಂತಲ್ಲೇ ನಿಂತು ಮತ್ತೊಮ್ಮೆ ಹಾಕುವುದು. ಹೊಸ ಮುದ್ರಣದಲ್ಲಿ ಅವನು ಕೂ ಹಾಕುತ್ತಾನೆ. ಅವಳು ಒಂದು ದಿನ ಉತ್ತರ ಕೊಡುತ್ತಾಳೆ, ಇನ್ನೊಂದು ದಿನ ಬೇಕೆಂದೇ ಕೊಡುವುದಿಲ್ಲ. ಕೊಡದ ದಿನ ಅವನು ಹೋಗುವುದಿಲ್ಲ. ಒಪ್ಪಿಗೆಯ ಬಗ್ಗೆ ಒಂದು ಪದವೂ ಇಲ್ಲದೆ ಎಲ್ಲ ಹೇಳಿದಂತಾಯಿತು.

ಕುಣಬಿ ಸಮುದಾಯದ ಅಜ್ಜಿಯ ಪಾತ್ರ ತಿದ್ದಲು ಬಹಳ ತಿಣುಕಬೇಕಾಯಿತು. ಮೊದಲ ಮುದ್ರಣದಲ್ಲಿ ಅವಳಿಗೆ ಹೆಸರಿಲ್ಲ, ಮನೆಯಿಲ್ಲ. ಪ್ರೇಮಿಗಳಿಗೆ ಬೇರು ನಾರು ಕೊಟ್ಟು ಭವಿಷ್ಯ ನುಡಿಯಲಿಕ್ಕಷ್ಟೇ ಬರುತ್ತಾಳೆ, ಅದೂ ಹರಕು ಮುರುಕು ಕನ್ನಡದಲ್ಲಿ. ಜೋಯಿಡಾ ಕಡೆಯ ಓದುಗರೊಬ್ಬರು ಇದನ್ನು ಸಿಟ್ಟಿಲ್ಲದೆ, ಬೇಸರದಿಂದ ಎತ್ತಿ ತೋರಿಸಿದ್ದರು. ಕುಣಬಿಯರ ಮನೆಮಾತು ಕೊಂಕಣಿ, ಅದನ್ನು ಅವರು ಹರಕಾಗಿ ಆಡುವುದಿಲ್ಲ. ಹೊಸ ಮುದ್ರಣದಲ್ಲಿ ಅಜ್ಜಿ ಮೊದಲ ಮಾತನ್ನು ಕೊಂಕಣಿಯಲ್ಲೇ ಆಡುತ್ತಾಳೆ. ಆಮೇಲೆ ನಿರೂಪಣೆ ಅವಳ ಮಾತನ್ನು ತುಂಬು ಕನ್ನಡಕ್ಕೆ ತಂದುಕೊಡುತ್ತದೆ, ತಡವರಿಸುವ ಸರದಿ ಕೊಂಕಣಿ ಬಾರದ ನಾಯಕಿಯದು. ಅಜ್ಜಿಗೆ ಹೆಸರು ಬಂತು, ಹಿತ್ತಲು ಬಂತು. ಅವಳು ಗೆಡ್ಡೆ ಗೆಣಸು ಅಗೆಯುತ್ತಾಳೆ, ಮೇಳಕ್ಕೆ ಒಯ್ಯಲು ಬುಟ್ಟಿ ತುಂಬುತ್ತಾಳೆ, ಪ್ರೇಮಿಗಳ ಕಡೆ ನೋಡಲು ಅವಳಿಗೆ ಪುರುಸೊತ್ತಿಲ್ಲ. ಬೇರು ನಾರಿನ ದೃಶ್ಯ ಬಿದ್ದುಹೋದದ್ದಕ್ಕೆ ಪಟ್ಟಣದ ಕೆಲವು ಓದುಗರು ಇಂದಿಗೂ ಮರುಗುತ್ತಾರೆ.

ಹಿನ್ನೀರಿನ ಕೆಳಗಿನ ಊರು

ಒಂದು ಪತ್ರ ಮಾತ್ರ ಯಾವ ವರ್ಗಕ್ಕೂ ಸೇರಲಿಲ್ಲ. ಇನ್‌ಲ್ಯಾಂಡ್ ಲೆಟರಿನ ಮೂರು ಮಗ್ಗುಲೂ ತುಂಬಿದ್ದ ಬರಹ, ಬರೆದವರಿಗೆ ಎಪ್ಪತ್ತರ ಮೇಲೆ ವಯಸ್ಸು. ಕಾಳಿಗೆ ಅಡ್ಡಲಾಗಿ ಸೂಪಾ ಅಣೆಕಟ್ಟು ಎದ್ದಾಗ ಅಂದಿನ ತಾಲ್ಲೂಕು ಕೇಂದ್ರವಾದ ಸೂಪಾ ಮುಳುಗಿತು, ಕೇಂದ್ರ ಜೋಯಿಡಾಕ್ಕೆ ಬಂತು, ಸುತ್ತಲಿನ ಹಳ್ಳಿಗಳ ಜನ ಇದೇ ತಾಲ್ಲೂಕಿನ ರಾಮನಗರದ ಕಡೆ ಹೋಗಿ ನೆಲೆ ನಿಂತರು. ಪತ್ರ ಬರೆದವರು ಹಾಗೆ ಮುಳುಗಿದ ಹಳ್ಳಿಯೊಂದರಲ್ಲಿ ಹುಟ್ಟಿದವರು. ಕಾದಂಬರಿಯಲ್ಲಿ ಪ್ರೇಮಿಗಳು ಬೆಳದಿಂಗಳಲ್ಲಿ ಹಿನ್ನೀರಿನ ಮೇಲೆ ದೋಣಿಯಲ್ಲಿ ಹೋಗುತ್ತಾರೆ. ಓದುತ್ತ ತಮಗೂ ಸಂತೋಷವಾಯಿತು ಎಂದೇ ಅವರು ಬರೆದಿದ್ದರು. ಆದರೆ ಆ ನೀರಿನ ಕೆಳಗೆ ತಮ್ಮ ಮನೆಯ ಮೆಟ್ಟಿಲಿದೆ, ಅದರ ಮೇಲೆ ತೇಲುವ ಇಬ್ಬರಲ್ಲಿ ಒಬ್ಬರಿಗಾದರೂ ಅದು ನೆನಪಾಗಬೇಡವೇ ಎಂದು ಕೇಳಿದ್ದರು.

ಇದು ಸಂಗತಿಯ ತಪ್ಪಲ್ಲ, ಮೂವರು ಹೇಳಿದ ಮಾತೂ ಅಲ್ಲ. ನಿಯಮದಂತೆ ಬದಿಗಿಡಬಹುದಿತ್ತು. ಸಂಪಾದಕರು ನಿಯಮವನ್ನೇ ಬದಿಗಿಟ್ಟರು. ಲೇಖಕಿ ಮೊದಲು ಬರೆದದ್ದು ನಾಲ್ಕು ಪುಟದ ಇತಿಹಾಸ, ಅಣೆಕಟ್ಟಿನ ವಿವರವೆಲ್ಲ ಸೇರಿ. ದೋಣಿ ಅಲ್ಲೇ ನಿಂತುಬಿಟ್ಟಿತು. ಕೊನೆಗೆ ಉಳಿದದ್ದು ಆರು ಸಾಲು: ಹುಟ್ಟು ಹಾಕುತ್ತಿದ್ದ ಅವನು ಒಂದು ಕಡೆ ಕೈ ನಿಲ್ಲಿಸುತ್ತಾನೆ, ತನ್ನ ಅಜ್ಜನ ಊರು ಇಲ್ಲೇ ಕೆಳಗೆ ಎನ್ನುತ್ತಾನೆ, ದೋಣಿಯನ್ನು ಸ್ವಲ್ಪ ಸುತ್ತಿಸಿ ಒಯ್ಯುತ್ತಾನೆ. ಹೀಗೆ ಮಾಡಿದ್ದರಿಂದ ಇನ್ನೊಂದು ಗಂಟೂ ಬಿಚ್ಚಿತು. ಅವನು ಶಿಬಿರ ಬಿಟ್ಟು ಅವಳ ಜೊತೆ ಪಟ್ಟಣಕ್ಕೆ ಏಕೆ ಹೋಗಲಿಲ್ಲ ಎಂದು ಎರಡನೇ ಮುದ್ರಣದ ನಂತರ ಯಾರೂ ಕೇಳಲಿಲ್ಲ.

ದಾರಿ ಕೇಳಿ ಬಂದವರು

ಬಂದ ಸಂದೇಶಗಳಲ್ಲಿ ಏಳೆಂಟು ದೂರೂ ಅಲ್ಲ, ಮೆಚ್ಚುಗೆಯೂ ಅಲ್ಲ: ಆ ಜಲಪಾತ ಎಲ್ಲಿದೆ, ಗೂಡಿನ ಮರಕ್ಕೆ ಯಾವ ತಿರುವಿನಲ್ಲಿ ಇಳಿಯಬೇಕು ಎಂಬ ಪ್ರಶ್ನೆಗಳು. ಪುಸ್ತಕದಲ್ಲಿ ಮೈಲಿಗಲ್ಲಿನ ಸಮೇತ ದಾರಿ ಬರೆದಿತ್ತು. ಒಂದು ಜೋಡಿ ಹುಡುಕಿಕೊಂಡು ಒಳಗೆ ಹೋಗಿ, ಇಲಾಖೆಯವರು ತಡೆದು ವಾಪಸ್ ಕಳುಹಿಸಿದ ಮೇಲೆ ಇದರ ಅಪಾಯ ಅರಿವಾಯಿತು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಅನುಮತಿಯಿಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಮಂಗಟ್ಟೆಗಳು ಒಂದೇ ಪೊಟರೆಗೆ ವರ್ಷ ವರ್ಷವೂ ಮರಳುತ್ತವೆ. ಮುದ್ರಣದಲ್ಲಿ ಒಮ್ಮೆ ತೋರಿಸಿಕೊಟ್ಟ ಮರವನ್ನು ಮತ್ತೆ ಮರೆಮಾಡಲಾಗದು.

ಊರ ಓದುಗರು ಹೆಸರುಗಳನ್ನು ತೆಗೆಯಬೇಡಿ ಎಂದರು. ತಮ್ಮ ಸೀಮೆಯ ಹೆಸರು ಪುಸ್ತಕದಲ್ಲಿ ಬಂದದ್ದು ಅವರಿಗೆ ಹೆಮ್ಮೆ, ಅದು ನ್ಯಾಯವೇ. ಒಪ್ಪಂದ ಹೀಗಾಯಿತು: ನದಿ, ತಾಲ್ಲೂಕು, ಸಂತೆ, ಬಸ್ ನಿಲ್ದಾಣದ ಹೆಸರುಗಳು ಉಳಿಯಲಿ. ಗೂಡು, ಜಲಪಾತ, ಕಾಲುದಾರಿಗಳ ಹೆಸರು ಬದಲಾಗಲಿ, ಮೂರು ಜಾಗದ ಲಕ್ಷಣಗಳನ್ನು ಕಲಸಿ ಒಂದು ಮಾಡಲಿ, ದೂರ ದಿಕ್ಕುಗಳನ್ನು ತೆಗೆಯಲಿ. ಇದನ್ನು ಮಾಡುವಾಗ ಒಂದು ಎಚ್ಚರ ಬೇಕು. ಕಲಸಿದ ಜಾಗದಲ್ಲೂ ನೀರು ಇಳಿಜಾರಿನತ್ತಲೇ ಹರಿಯಬೇಕು, ಸೂರ್ಯ ಸರಿಯಾದ ಕಡೆ ಮುಳುಗಬೇಕು. ಅದಕ್ಕೆ ಕೈಯಲ್ಲೇ ಒಂದು ನಕ್ಷೆ ಬರೆದು ಲೇಖಕಿಯ ಮೇಜಿನ ಮೇಲೆ ಅಂಟಿಸಿಕೊಂಡರು. ನಾಯಕ ಸೀತಾಳೆ ದಂಡೆ ಕಿತ್ತು ಅವಳ ಮುಡಿಗೆ ಸಿಕ್ಕಿಸುವುದೂ ಇದೇ ಸುತ್ತಿನಲ್ಲಿ ಹೋಯಿತು. ರಾಷ್ಟ್ರೀಯ ಉದ್ಯಾನದೊಳಗೆ ಹೂವಿನ ಗೊಂಚಲು ಕೀಳುವ ವಾಚರ್ ಕೆಲಸ ಕಳೆದುಕೊಳ್ಳುತ್ತಾನೆ, ಅವಳಿಗೂ ಅದು ಗೊತ್ತಿರುತ್ತದೆ. ಈಗ ಇಬ್ಬರೂ ಕತ್ತೆತ್ತಿ ಅದನ್ನು ನೋಡುತ್ತಾರೆ.

ಎರಡನೇ ಮುದ್ರಣದ ನಂತರ

ತಿದ್ದುಪಡಿಗೆ ಏಳು ತಿಂಗಳು ಹಿಡಿಯಿತು. ಪುಸ್ತಕ 216ರಿಂದ 240 ಪುಟಕ್ಕೆ ಬೆಳೆಯಿತು. ಕೊನೆಯ ಅಧ್ಯಾಯದಲ್ಲಿ ಒಂದು ಸಾಲೂ ಬದಲಾಗಲಿಲ್ಲ, ತಿಂಗಳ ಹೆಸರೊಂದನ್ನು ಬಿಟ್ಟು. ಹಾಗಿದ್ದೂ ಕೊನೆಯ ಬಗೆಗಿನ ದೂರು ಬಹುತೇಕ ನಿಂತಿತು. ಹಿಂದೆ ದೂರಿದ್ದ ಕೆಲವರು, ಹೊಸ ಅಂತ್ಯ ಚೆನ್ನಾಗಿದೆ ಎಂದು ಬರೆದರು. ಅವರಿಗೆ ಅದು ಹೊಸದಾಗಿಯೇ ಕಂಡಿತು.

ಕಳೆದುಕೊಂಡದ್ದೂ ಇದೆ. ಆಷಾಢದ ಬಿರುಮಳೆಯ ರಾತ್ರಿ ಮೊದಲ ಮುದ್ರಣದ ಒಳ್ಳೆಯ ಬರಹಗಳಲ್ಲೊಂದು, ಕಥೆ ಬೇಸಿಗೆಗೆ ಸರಿದಾಗ ಅದಕ್ಕೆ ಜಾಗವಿಲ್ಲದಾಯಿತು. ಅದನ್ನು ಮೃಗಶಿರಾ ಮಳೆಯ ಮೊದಲ ದಿನಕ್ಕೆ ಕೂರಿಸಲು ನೋಡಿದರು, ಮುಂಗಾರಿನ ಮೊದಲ ಮಳೆಗೆ ಆ ಧಾರಾಕಾರದ ತೂಕ ಬರಲಿಲ್ಲ, ತೆಗೆದರು. ಮೊದಲ ಅರವತ್ತು ಪುಟಗಳಲ್ಲಿ ಹಕ್ಕಿ ಹೆಚ್ಚಾಯಿತು, ಪ್ರೀತಿ ತಡವಾಯಿತು ಎಂಬ ಹೊಸ ದೂರು ಶುರುವಾಗಿದೆ. ಚುಕ್ಕೆಯ ಕಾಗದದಲ್ಲಿ ಆ ಪುಟಗಳ ಮೇಲೆ ನೀಲಿ ಚುಕ್ಕೆಗಳಿವೆ, ಕೆಂಪು ಇಲ್ಲ. ಮಗುಚುತ್ತಾರೆ, ಕೆಳಗಿಡುವುದಿಲ್ಲ. ಲೇಖಕಿ ಅದನ್ನು ಹಾಗೇ ಬಿಡಲು ತೀರ್ಮಾನಿಸಿದ್ದಾರೆ, ಸಂಪಾದಕರೂ ಒಪ್ಪಿದ್ದಾರೆ.

ಎರಡನೇ ಮುದ್ರಣದ ಪ್ರತಿಯೊಂದನ್ನು ಹಿನ್ನೀರಿನ ಪತ್ರ ಬರೆದ ಹಿರಿಯರಿಗೆ ಕಳುಹಿಸಿದ್ದರು. ತಿಂಗಳೊಳಗೆ ಇನ್ನೊಂದು ಇನ್‌ಲ್ಯಾಂಡ್ ಲೆಟರ್ ಬಂತು. ಆರು ಸಾಲನ್ನೂ ಮೊಮ್ಮಗಳಿಂದ ಗಟ್ಟಿಯಾಗಿ ಓದಿಸಿ ಕೇಳಿದೆ ಎಂದು ಬರೆದಿದ್ದರು. ಕೆಳಗೆ ಒಂದು ತಿದ್ದುಪಡಿ: ಊರಿನ ಅರಳಿಮರ ನದಿಯ ಎಡದಂಡೆಯಲ್ಲಿತ್ತು, ಬಲದಂಡೆಯಲ್ಲಿ ಅಲ್ಲ. ಮೂರನೇ ಮುದ್ರಣದ ಕಡತದಲ್ಲಿ ಸದ್ಯಕ್ಕೆ ಇರುವ ಕೆಂಪು ಗುರುತು ಅದೊಂದೇ.